ಮೊಳೆಯಿಲ್ಲದ ಮೇಜು

ಏಳು ದೇಶಗಳ ಸೇನಾ ಒಕ್ಕೂಟದ ಕಚೇರಿಯಲ್ಲಿ ಅವನನ್ನು ಎಲ್ಲರೂ ಬೆಣೆಯಪ್ಪ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಹಾಕುವಾಗ ಬಿಟ್ಟರೆ ಬೇರೆ ಯಾವಾಗಲೂ ಯಾರ ಬಾಯಿಗೂ ಬರುತ್ತಿರಲಿಲ್ಲ. ಅಂಗಿಯ ಎರಡೂ ಜೇಬಿನಲ್ಲಿ ಸಣ್ಣದು ದೊಡ್ಡದು ಎನ್ನದೆ ಮರದ ಬೆಣೆಗಳನ್ನು ತುಂಬಿಕೊಂಡು ಓಡಾಡುವ ಬಡಗಿಯನ್ನು ಇನ್ನೇನೆಂದು ಕರೆಯಬೇಕು? ಅವನು ಮೆಟ್ಟಿಲು ಹತ್ತಿದರೆ ಕಟಕಟ ಸದ್ದು. ಅದು ಕಿವಿಗೆ ಬಿದ್ದದ್ದೇ ಗುಮಾಸ್ತರು, "ಬಂತಪ್ಪ ನಮ್ಮ ಎಂಟನೇ ಸೈನ್ಯ" ಎಂದು ಹಲ್ಲು ಕಿರಿಯುತ್ತಿದ್ದರು. ನಗಲಿ ಬಿಡಿ. ಆ ಕಟ್ಟಡದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ನಿಜವಾಗಿ ಏನನ್ನಾದರೂ ಕಾಯುತ್ತಿದ್ದವನು ಅವನೊಬ್ಬನೇ. ಅವನು ಕಾಯುತ್ತಿದ್ದುದು ಒಂದು ಮೇಜನ್ನು.

ಅಂಥಿಂಥ ಮೇಜಲ್ಲ ಅದು. ಹಿಂದೆ ಹೊಳೆಯಾಚೆಯ ದೇಶದ ಭಯಕ್ಕೆ ಈಚೆಯ ಏಳು ದೇಶಗಳು ಒಟ್ಟಾದಾಗ, ಒಬ್ಬರ ಮೇಲೆ ಯಾರಾದರೂ ಕೈಮಾಡಿದರೆ ಏಳೂ ಜನರ ಮೇಲೆ ಕೈಮಾಡಿದ ಹಾಗೆ ಎಂದು ಒಪ್ಪಂದವಾಯಿತು. ಒಪ್ಪಂದ ಸಲೀಸಾಗಿ ಆಯಿತು, ಕೂರುವುದು ಎಲ್ಲಿ ಎನ್ನುವುದಕ್ಕೇ ತಕರಾರು ಶುರುವಾದದ್ದು. ಉದ್ದ ಮೇಜಾದರೆ ತಲೆಯ ಕಡೆ ಯಾರು, ಕಾಲಿನ ಕಡೆ ಯಾರು? ಕೊನೆಗೆ ದುಂಡು ಮೇಜು ಎಂದಾಯಿತು. ಮರ ಯಾರದು ಎಂದು ಮತ್ತೆ ಜಗಳ ಎದ್ದಿತು. ಸರಿ, ಏಳೂ ಜನ ಅವರವರ ಮರ ತರಲಿ ಎಂದರು. ದೊಡ್ಡ ದೇಶ ತೇಗ ಕಳಿಸಿತು, ಬೆಟ್ಟದ ದೇಶ ದೇವದಾರು, ನದಿ ಬಯಲಿನ ದೇಶ ಬೇವು, ಹೀಗೆ. ದ್ವೀಪದ ದೇಶದವರು ಮಾತ್ರ ತೆಂಗಿನ ಹಲಗೆ ಹೊತ್ತು ತಂದು, "ನಮ್ಮಲ್ಲಿ ಇರೋದೇ ಇದು, ಬೇಕಾದ್ರೆ ಇಟ್ಕೊಳ್ಳಿ" ಎಂದು ಮುಖ ಊದಿಸಿಕೊಂಡು ನಿಂತರು.

ಈ ಏಳು ಜಾತಿಯ ಮರಗಳನ್ನು ಒಂದುಗೂಡಿಸಿದವನು ಬೆಣೆಯಪ್ಪನ ಮಾವ, ಎಂದರೆ ಹೆಂಡತಿಯ ತಂದೆ. ಒಂದು ಹಲಗೆಯ ನಾಲಿಗೆ ಪಕ್ಕದ ಹಲಗೆಯ ತೂತಿನೊಳಗೆ, ಅದರ ನಾಲಿಗೆ ಅದರ ಪಕ್ಕದ್ದರೊಳಗೆ. ಇಡೀ ಮೇಜಿಗೆ ಒಂದು ಮೊಳೆಯಿಲ್ಲ. ಒಂದು ಹಲಗೆ ಎಳೆದರೆ ಏಳೂ ನೆಲಕ್ಕೆ. ಈ ಮಾತನ್ನು ಭಾಷಣದಲ್ಲಿ ಬಳಸದ ಮಂತ್ರಿಯೇ ಇರಲಿಲ್ಲ. "ಈ ಮೇಜಿನ ಹಾಗೆ ನಾವು" ಎಂದು ಶುರುಮಾಡಿದರೆಂದರೆ ಭಾಷಣ ಮುಗಿಯುತ್ತ ಬಂತು ಎಂದು ಅರ್ಥ. ಮೇಜಿನ ಅಡಿಯಲ್ಲಿ ನಟ್ಟನಡುವೆ ಒಂದು ದುಂಡನೆಯ ಮುಚ್ಚಳವಿತ್ತು. ಅದರ ಸುತ್ತ ಏಳು ದೇಶಗಳ ಅರಗಿನ ಮುದ್ರೆ. ಏಳೂ ಜನ ಒಪ್ಪದೆ ಅದನ್ನು ತೆರೆಯುವ ಹಾಗಿಲ್ಲ. ಮಾವ ಹಾಸಿಗೆ ಹಿಡಿದಾಗ ಹೇಳಿದ ಮಾತೂ ಅದೇ: "ಅಳಿಯಂದ್ರೇ, ಕಾಲು ನೋಡ್ಕೊಳ್ಳಿ, ಅಂಚು ನೋಡ್ಕೊಳ್ಳಿ. ನಡುವಿನ ಗೊಡವೆಗೆ ಮಾತ್ರ ಹೋಗಬೇಡಿ."

ಅಂದಿನಿಂದ ಕಾಲೂ ಅಂಚೂ ಬೆಣೆಯಪ್ಪನ ಪಾಲಿಗೆ ಬಂದವು. ಏಳು ಮರ ಒಂದೇ ಹವೆಗೆ ಒಂದೇ ರೀತಿ ಇರುತ್ತವೆಯೇ? ತೇವವಾದರೆ ಬೇವು ಉಬ್ಬುತ್ತಿತ್ತು, ಒಣಗಿದರೆ ದೇವದಾರು ಸೆಟೆದುಕೊಳ್ಳುತ್ತಿತ್ತು, ತೆಂಗಿನದಂತೂ ಹವೆ ಹೇಗಿದ್ದರೂ ಮುನಿಸಿಕೊಂಡೇ ಇರುತ್ತಿತ್ತು. ಸಭೆಯ ನಡುವೆ ಮೇಜು ಕಿರ್ರೆಂದರೆ ಮೈಕಿನಲ್ಲಿ ಕೇಳಿ, ಭಾಷಣ ಮಾಡುತ್ತಿದ್ದವರಿಗೆ ಯಾರೋ ಅಣಕಿಸಿದ ಹಾಗಾಗುತ್ತಿತ್ತು. ಆಗ ಪಕ್ಕದ ಕೋಣೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಬೆಣೆಯಪ್ಪ ಚಪ್ಪಲಿ ಬಿಟ್ಟು, ಬಗ್ಗಿ, ಮೇಜಿನಡಿ ನುಸುಳಿ, ಸಂದಿಗೆ ಒಂದು ಬೆಣೆ ಒತ್ತಿ ಬರುತ್ತಿದ್ದ. ಹೀಗೆ ಒಕ್ಕೂಟದ ಚರಿತ್ರೆಯನ್ನೆಲ್ಲ ಅವನು ಮೊಣಕಾಲಿನ ಎತ್ತರದಲ್ಲೇ ಕಂಡವನು. ಯಾರು ಬೂಟು ಬಿಚ್ಚಿ ಕೂರುತ್ತಾರೆ, ಯಾರ ಕಾಲ್ಚೀಲ ತೂತು, ಯಾವ ಇಬ್ಬರು ಮೇಲೆ ಕೈಕುಲುಕುತ್ತ ಕೆಳಗೆ ಕಾಲು ದೂರ ಎಳೆದುಕೊಳ್ಳುತ್ತಾರೆ, ಎಲ್ಲ ಗೊತ್ತಿತ್ತು. ಒಂದು ವಿಚಿತ್ರವನ್ನೂ ನೋಡಿದ್ದ. ಸಿಟ್ಟು ನೆತ್ತಿಗೇರಿ ಮುಷ್ಟಿ ಎತ್ತಿದವರು ಮೇಜಿಗೆ ಗುದ್ದುತ್ತಿರಲಿಲ್ಲ. ಆ ಮುಷ್ಟಿ ಕೆಳಗೆ ಬಂದು ಅವರವರ ತೊಡೆಗೇ ಬೀಳುತ್ತಿತ್ತು. ಮಹಡಿ ಮೇಲಿನ ಉಪಸಮಿತಿಗಳ ಕಬ್ಬಿಣದ ಕಾಲಿನ ಮೇಜುಗಳನ್ನು ಮಾತ್ರ ಅದೇ ಜನ ಗುದ್ದಿ ಗುದ್ದಿ ಹಾಳುಮಾಡಿದ್ದರು. ಅವುಗಳ ರಿಪೇರಿಗೂ ಇವನೇ ಹೋಗಬೇಕಾಗಿತ್ತು.

ಹೆಂಡತಿಗೆ ಅಪ್ಪನ ಮೇಜೆಂದರೆ ಪ್ರಾಣ. ವರ್ಷಕ್ಕೊಮ್ಮೆ ಜನರನ್ನು ಒಳಗೆ ಬಿಡುವ ದಿನ ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿ, ಗೊತ್ತಿದ್ದವರನ್ನೂ ಗೊತ್ತಿಲ್ಲದವರನ್ನೂ ನಿಲ್ಲಿಸಿ, "ನಮ್ಮಪ್ಪ ಮಾಡಿದ್ದು. ಎಲ್ಲಾದ್ರೂ ಒಂದು ಮೊಳೆ ಹುಡುಕಿ ನೋಡೋಣ!" ಎಂದು ಸವಾಲು ಹಾಕುತ್ತಿದ್ದಳು. ಪಾಪ, ಜನ ಬಗ್ಗಿ ಬಗ್ಗಿ ಹುಡುಕುತ್ತಿದ್ದರು.

ಮನೆಯಲ್ಲಿ ಅವಳದು ಇನ್ನೊಂದು ಆಸ್ತಿಯಿತ್ತು, ಮಂಚದ ಕೆಳಗಿನ ಹಸಿರು ಸೂಟ್‌ಕೇಸು. ಮದುವೆಯಾದ ಹೊಸದರಲ್ಲಿ ಬೆಣೆಯಪ್ಪ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದು ತಟ್ಟೆ ಎಸೆದಿದ್ದ. ಆಗಿನ್ನೂ ಬಿಸಿರಕ್ತ. ಮಾರನೇ ದಿನ ಅವಳು ಆ ಸೂಟ್‌ಕೇಸಿಗೆ ಬೀಗ ಜಡಿದು, ಮಂಚದ ಕೆಳಗೆ ತಳ್ಳಿ, ಸೆರಗು ಸಿಕ್ಕಿಸಿಕೊಂಡು ಹೇಳಿದ್ದಳು: "ನನ್ನ ಬಟ್ಟೆಬರೆ ಎಲ್ಲಾ ತುಂಬಿಟ್ಟಿದೀನಿ. ಇನ್ನೊಂದ್ಸಲ ಈ ಮನೇಲಿ ತಟ್ಟೆ ಹಾರಿದ್ರೆ ನಾನು ಅಕ್ಕನ ಮನೇಲಿ." ಅಂದಿನಿಂದ ತಟ್ಟೆ ಹಾರಲಿಲ್ಲ. ಸಿಟ್ಟು ಬಂದಾಗ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಹಿತ್ತಿಲಿಗೆ ಹೋಗಿ ಯಾವುದಾದರೂ ತುಂಡು ಹಲಗೆಗೆ ಕೀಸುಳಿ ಹಾಕುತ್ತ ಕೂರುವುದು ಅವನಿಗೆ ರೂಢಿಯಾಯಿತು. ಆ ಮನೆಯಲ್ಲಿ ಇದ್ದಷ್ಟು ನುಣುಪಾದ ಮಣೆಗಳು ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿದ್ದಾಗ ಹೊಳೆಯಾಚೆಯ ದೇಶ ಕೈಕೊಟ್ಟಿತು. ಅಲ್ಲಿನ ಹಳೆಯ ಸರ್ಕಾರ ಬಿದ್ದು ಹೊಸಬರು ಬಂದರು. ಗಡಿಯಲ್ಲಿದ್ದ ಫಿರಂಗಿಗಳನ್ನು ಎತ್ತಿಸಿದರು, ಸೇತುವೆ ತೆರೆದರು, ಸಾಲದ್ದಕ್ಕೆ ಒಂದು ದಿನ ಒಕ್ಕೂಟದ ಕಚೇರಿಗೆ ಹೂಗುಚ್ಛ ಕಳಿಸಿಯೇಬಿಟ್ಟರು. ಆವತ್ತು ಕಚೇರಿಯಲ್ಲಿ ಸಾವಿನ ಮನೆಯ ಮೌನ. ಅಷ್ಟು ಕಾಲ ನಂಬಿಕೊಂಡಿದ್ದ ಶತ್ರು ಹೀಗೆ ನಡುನೀರಿನಲ್ಲಿ ಕೈಬಿಟ್ಟರೆ ಯಾರಿಗಾದರೂ ಸಂಕಟವಾಗುತ್ತದೆ.

ಮತ್ತೆ ನಾವೆಲ್ಲ ಸೇರುವುದು ಯಾತಕ್ಕೆ ಎಂಬ ಪ್ರಶ್ನೆ ಎದ್ದಿತು. ದ್ವೀಪದವರಿಗೂ ಕರಾವಳಿಯವರಿಗೂ ಕಡಲುಗಳ್ಳರ ಕಾಟ, ಹಡಗುಗಳಿಗೆ ಕಾವಲು ಬೇಕು ಎಂದರು. ತೇಗದ ದೇಶಕ್ಕೆ ಕಂಪ್ಯೂಟರುಗಳಿಗೆ ಕನ್ನ ಹಾಕುವವರ ಭಯ. ಬೇವಿನ ದೇಶಕ್ಕೆ ವರ್ಷ ವರ್ಷವೂ ನೆರೆ, ಯಾರದಾದರೂ ಸೈನ್ಯ ಬಂದು ಜನರನ್ನು ದೋಣಿಗೆ ಎತ್ತಬೇಕು. ದೇವದಾರಿನ ದೇಶದ ಜನರಲ್, ಮೀಸೆಯನ್ನು ಎರಡೂ ಕಡೆ ಬಾಗಿಲ ಚಿಲಕದ ಹಾಗೆ ತಿರುವಿಕೊಂಡ ದೊಡ್ಡ ಮನುಷ್ಯರು, ಯಾವುದಕ್ಕೂ ಜಗ್ಗಲಿಲ್ಲ. "ನಾವು ಸೇರಿದ್ದು ಯುದ್ಧಕ್ಕೆ. ನಮ್ಮ ದೇಶದಲ್ಲಿ ಸಮುದ್ರ ಚಿತ್ರದಲ್ಲೂ ಇಲ್ಲ. ಕಡಲುಗಳ್ಳರಿಗೂ ನಮಗೂ ಏನು ಸಂಬಂಧ?" ಎಂದು ತೊಡೆ ಗುದ್ದಿಕೊಂಡರು. ಮೇಜಿನಡಿಯಲ್ಲಿದ್ದ ಬೆಣೆಯಪ್ಪನಿಗೆ ಆ ಏಟು ಹತ್ತಿರದಿಂದಲೇ ಕಂಡಿತು.

ಹೊಸದಾಗಿ ಬಂದಿದ್ದ ಕಾರ್ಯದರ್ಶಿ ಮೇಡಂ ಚುರುಕಿನ ಹೆಂಗಸು. ಎಲ್ಲರೂ ಎಲ್ಲದಕ್ಕೂ ಬರಬೇಕಾಗಿಲ್ಲ, ಯಾವ ಕೆಲಸ ಯಾರಿಗೆ ಬೇಕೋ ಅವರು ಸೇರಲಿ, ಉಳಿದವರು ಪಕ್ಕದಲ್ಲಿರಲಿ ಎಂದು ಒಂದು ದಾರಿ ಹುಡುಕಿದರು. ಏಳೂ ಜನ ತಲೆದೂಗಿದರು. ಆಮೇಲೆ ಮೇಡಂ ಬೆಣೆಯಪ್ಪನನ್ನು ಕರೆಸಿದರು.

"ನೋಡಪ್ಪಾ, ಇನ್ನುಮೇಲೆ ಮೇಜೂ ಹಾಗೇ ಇರಬೇಕು. ಕಡಲಿನ ವಿಷಯ ಬಂದ ದಿನ ಬೆಟ್ಟದವರ ಹಲಗೆ ಬಿಚ್ಚಿ ಪಕ್ಕಕ್ಕಿಡೋ ಹಾಗೆ. ವಾರ್ಷಿಕೋತ್ಸವದ ಹೊತ್ತಿಗೆ ಆಗ್ಬೇಕು."

ಬೆಣೆಯಪ್ಪ ಎರಡೂ ಕೈ ಅಡ್ಡ ಆಡಿಸಿದ. "ಒಂದು ತೆಗೆದ್ರೆ ಏಳೂ ಬೀಳತ್ತೆ ಮೇಡಂ. ಅದರ ಹೆಚ್ಚುಗಾರಿಕೆನೇ ಅದು."

"ಹಾಗಾದ್ರೆ ಗಾಜಿನ ಮೇಜು ತರಿಸ್ತೀವಿ. ತುಂಡು ತುಂಡಾಗೇ ಸಿಗತ್ತಂತೆ. ಇದನ್ನ ಉಗ್ರಾಣದಲ್ಲಿ ಇಡೋಣ, ಜೋಪಾನವಾಗಿ." ಮೇಡಂ ಒಳ್ಳೆಯ ಮಾತಿನಲ್ಲೇ ಹೇಳಿದರು. ಆ ಉಗ್ರಾಣದಲ್ಲಿ ಜೋಪಾನವಾಗಿ ಇಟ್ಟ ಕುರ್ಚಿಗಳನ್ನು ಗೆದ್ದಲು ಎಷ್ಟು ಜೋಪಾನವಾಗಿ ತಿಂದಿತ್ತೆಂಬುದು ಬೆಣೆಯಪ್ಪನಿಗೆ ಗೊತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು.

"ಅಪ್ಪನ ಮೇಜು ಉಗ್ರಾಣಕ್ಕೆ ಹೋದ ದಿನ ನನ್ನ ಸೂಟ್‌ಕೇಸು ಅಕ್ಕನ ಮನೆಗೆ ಹೋಯ್ತು ಅಂತ ತಿಳ್ಕೊಳ್ಳಿ. ಗರಗಸ ಹಾಕಿ ಕೊಯ್ದ್ರೂ ಅಷ್ಟೇ."

"ನಾನೇನೇ ಮಾಡ್ಲಿ? ಅವರು ಏಳು ದೇಶದೋರು!"

"ನಾನೊಬ್ಬಳೇ. ಯಾರಿಗೆ ಹೆದರಬೇಕು ಅಂತ ನೀವೇ ಯೋಚನೆ ಮಾಡಿ."

ಅದಕ್ಕೆ ಹೆಚ್ಚು ಯೋಚನೆ ಬೇಕಿರಲಿಲ್ಲ. ಮಾರನೇ ದಿನ ಅವನು ಮೇಡಂ ಹತ್ತಿರ ಹೋಗಿ, ನಡುವಿನ ಮುಚ್ಚಳ ತೆಗೆದು ನೋಡಿದರೆ ಏನಾದರೂ ದಾರಿ ಸಿಗಬಹುದು ಎಂದ. ಮಾವನ ಮಾತು ಮೀರುತ್ತಿದ್ದೇನೆಂದು ನಾಲಿಗೆ ತೊದಲಿತು. ಇಡೀ ಮಳೆಗಾಲ ಒಪ್ಪಿಗೆ ಪಡೆಯುವುದರಲ್ಲೇ ಕಳೆಯಿತು. 'ತೆರೆಯುವುದು' ಎಂದರೆ ಶಾಶ್ವತವೆಂದಾಗುತ್ತದೆ, 'ತುಸು ಸರಿಸುವುದು' ಎನ್ನಿ ಎಂದು ಒಂದು ದೇಶ. ಮುದ್ರೆ ಒಡೆದ ಮಾತ್ರಕ್ಕೆ ಕಡಲುಗಳ್ಳರು ಇದ್ದಾರೆಂದು ನಾವು ಒಪ್ಪಿದ ಹಾಗಲ್ಲ ಎಂದು ಬೆಟ್ಟದ ಜನರಲ್. ತಮ್ಮ ಮುದ್ರೆಯನ್ನು ಮೊದಲು ಒಡೆಯಬಾರದು ಎಂದು ನಾಲ್ವರು, ಕೊನೆಗೆ ಒಡೆಯಬಾರದು ಎಂದು ಮೂವರು. ಏಳನ್ನೂ ಒಟ್ಟಿಗೇ ಒಡೆಯುವುದೆಂದು ತೀರ್ಮಾನವಾದಾಗ ಬೆಣೆಯಪ್ಪ, ನನಗಿರುವುದು ಎರಡೇ ಕೈ ಎಂದು ನೆನಪಿಸಬೇಕಾಯಿತು.

ಅಂತೂ ಒಂದು ಭಾನುವಾರ ಹಗಲು ಮೇಜಿನ ಸುತ್ತ ಏಳು ದೇಶದ ಏಳು ಕಾವಲುಗಾರರು ನಿಂತರು. ಒಳಗೆ ನುಸುಳಿ ನೋಡಬೇಕಾದದ್ದು ಅವರ ಕರ್ತವ್ಯವೇ. ಆದರೆ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನೆಲದ ಮೇಲೆ ಉರುಳಲು ಯಾರಿಗೂ ಮನಸ್ಸಾಗಲಿಲ್ಲ. ಬೆಣೆಯಪ್ಪ ಒಬ್ಬನೇ ಅಂಗಾತ ಮಲಗಿ, ಉಳಿಯಿಂದ ಅರಗು ಕೆತ್ತಿ, ಮುಚ್ಚಳ ಇಳಿಸಿ, ಟಾರ್ಚು ಬಿಟ್ಟ.

ಮೊಳೆಗಳು!

ಒಂದೆರಡಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿಯೊಂದು ದುಂಡಗೆ ಕೂತಿತ್ತು, ಅದಕ್ಕೆ ಏಳೂ ಹಲಗೆಯ ತುದಿಗಳನ್ನು ಹಿಡಿದು ಜಡಿದ ಮೊಳೆಗಳು. ಕೆಲವು ನೆಟ್ಟಗೆ, ಕೆಲವು ಬಗ್ಗಿದವು, ಕೆಲವು ಬಗ್ಗಿದ್ದನ್ನು ಸಿಟ್ಟಿನಿಂದ ಹೊಡೆದು ಚಪ್ಪಟೆ ಮಾಡಿದವು. ಹಲಗೆಗಳ ನಾಲಿಗೆ ತೂತಿನೊಳಗೆ ಸರಿಯಾಗಿ ಹೋಗಿಯೇ ಇರಲಿಲ್ಲ, ಸುಮ್ಮನೆ ತೋರಿಕೆಗೆ ಮುಟ್ಟಿಕೊಂಡಿದ್ದವು. ಇಷ್ಟು ವರ್ಷ ತಾನು ಒತ್ತಿದ ಬೆಣೆಗಳೆಲ್ಲ ಮೇಜನ್ನು ಉಳಿಸಿರಲಿಲ್ಲ, ಅದರ ಕಿರಿಕಿರಿಯನ್ನಷ್ಟೇ ಅಡಗಿಸಿದ್ದವು. ಬೆಣೆಯಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಂಥ ಮೋಸಗಾರ ಮಾವ! ಆಮೇಲೆ ಹೆಂಡತಿಯ ನೆನಪಾಯಿತು. ಸೀರೆ ಉಟ್ಟು, ಗಲ್ಲ ಎತ್ತಿ, ಮೊಳೆ ಹುಡುಕಿ ನೋಡೋಣ ಎನ್ನುವ ಆ ಮುಖ. ಇದು ಅವಳ ಕಿವಿಗೆ ಬಿದ್ದರೆ ಅವಳ ಎದೆ ಒಡೆದೇ ಹೋಗುತ್ತದೆ.

"ಏನಿದೆಯಯ್ಯಾ ಒಳಗೆ?" ಒಂದು ಜೊತೆ ಬೂಟು ಕೇಳಿತು.

"ಧೂಳು ಸಾರ್," ಎಂದ ಬೆಣೆಯಪ್ಪ. ನೌಕರಿಗೆ ಸೇರಿದ ಮೇಲೆ ಅವನು ಆಡಿದ ಮೊದಲ ಸುಳ್ಳು.

ಕೆಲಸ ಮಾತ್ರ ಹೂವೆತ್ತಿದಷ್ಟು ಸುಲಭವಾಯಿತು. ಹಲಗೆಗಳು ಒಂದನ್ನೊಂದು ಹಿಡಿದಿಲ್ಲ, ಎಲ್ಲವನ್ನೂ ಪಟ್ಟಿ ಹಿಡಿದಿದೆ ಎಂದಮೇಲೆ ಯಾವುದನ್ನು ಬಿಚ್ಚಿದರೂ ಉಳಿದದ್ದಕ್ಕೆ ಏನೂ ಆಗದು. ಮೊಳೆ ಕಿತ್ತು, ಮುಚ್ಚಳ ತೆಗೆಯದೆ ಹೊರಗಿನಿಂದಲೇ ತಿರುಗಿಸಬಹುದಾದ ಬೋಲ್ಟು ಹಾಕಿದ, ಹಲಗೆಗಳಿಗೆ ಗಾಲಿ ಇರುವ ಕಾಲು ಕೊಟ್ಟ, ಮುಚ್ಚಳ ಮುಚ್ಚಿ ಮತ್ತೆ ಮುದ್ರೆ ಹಾಕಿಸಿದ. ಯಾರಿಗೂ ಅನುಮಾನ ಬಾರದಿರಲೆಂದು ನಡುವೆ ಏನೂ ಹೊರದ ಎರಡು ಸುಳ್ಳು ಆಸರೆಗಳನ್ನು ನಿಲ್ಲಿಸಿ, ಮೇಡಂಗೆ ಎಚ್ಚರಿಕೆಯನ್ನೂ ಕೊಟ್ಟ. "ಒಂದು ಹಲಗೆ ಆಚೆ ಇದ್ದಾಗ ಇದು ಅಂಗೈಲಿ ಜೀವ ಹಿಡ್ಕೊಂಡು ನಿಂತಿರತ್ತೆ ಮೇಡಂ. ಯಾರೂ ಮೊಣಕೈ ಊರಬಾರದು." ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ತಾನಾಗಿಯೇ ಬರುತ್ತದೆ.

ವಾರ್ಷಿಕೋತ್ಸವದ ದಿನ ನೌಕರರ ಮನೆಯವರನ್ನೂ ಕರೆದಿದ್ದರು. ಹೆಂಡತಿ ಹಿಂದಿನ ಸಾಲಿನಲ್ಲಿ ಬಂದು ಕೂತಳು. ಮೇಡಂ ಎದ್ದು, "ಇಂದಿಗೂ ಒಂದೇ ಒಂದು ಮೊಳೆಯಿಲ್ಲದ ಈ ಮೇಜಿನ ಹಾಗೆ ನಾವು" ಎಂದರು. ಹೆಂಡತಿಯ ಗಲ್ಲ ಮೇಲೇರಿತು. ಗೋಡೆಗೆ ಒರಗಿ ನಿಂತಿದ್ದ ಬೆಣೆಯಪ್ಪ ಅವಳ ಕಡೆ ನೋಡದೆ ಜೇಬಿನ ಬೆಣೆಗಳನ್ನು ಎಣಿಸತೊಡಗಿದ.

ಮೊದಲ ವಿಷಯ ಕಡಲುಗಳ್ಳರು. ಬೆಟ್ಟದ ಜನರಲ್ ಮೀಸೆ ತೀಡಿ, "ನಮಗೆ ಸಂಬಂಧವಿಲ್ಲ. ಬಿಚ್ಚಯ್ಯಾ ನಮ್ಮ ಹಲಗೆ" ಎಂದರು. ಬೆಣೆಯಪ್ಪ ಬೋಲ್ಟು ತಿರುಗಿಸಿ, ಹಲಗೆಯನ್ನೂ ಕುರ್ಚಿಯನ್ನೂ ಜನರಲ್ಲರನ್ನೂ ಕಿಟಕಿಯ ಹತ್ತಿರಕ್ಕೆ ಸಾಗಿಸಿದ. ಮೇಜು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಉಳಿದ ಆರು ಜನ ಮೊಣಕೈ ಊರಲು ಹೆದರಿ, ಬೆನ್ನು ನೆಟ್ಟಗೆ ಮಾಡಿ, ಜೋರಾಗಿ ಉಸಿರಾಡಿದರೂ ಮೇಜು ಕುಸಿದೀತೆಂದು ಪಿಸುದನಿಯಲ್ಲಿ ಮಾತಿಗೆ ತೊಡಗಿದರು.

ಕಿಟಕಿಯವರೆಗೆ ಮೈಕಿನ ವೈರು ಎಟುಕುತ್ತಿರಲಿಲ್ಲ. ಜನರಲ್ ಮೊದಲು ಹೊರಗಿನ ಮರ ನೋಡಿದರು. ಆಮೇಲೆ ಕಿವಿ ಈ ಕಡೆ ಬಂತು. ಆಮೇಲೆ ಕುತ್ತಿಗೆ ಬಂತು. ಅಷ್ಟರಲ್ಲಿ ದ್ವೀಪದವರು ಏನೋ ಹೇಳಿ ಆರೂ ಜನ ನಕ್ಕರು.

"ಏನಂತಯ್ಯಾ?" ಜನರಲ್ ಬೆಣೆಯಪ್ಪನನ್ನು ಕೇಳಿದರು.

"ಸರಿಯಾಗಿ ಕೇಳ್ಸಲಿಲ್ಲ ಸಾರ್. ಉಪ್ಪಿನ ಹಡಗು ಅಂದಂಗಾಯ್ತು."

"ಯಾರ ಉಪ್ಪು?"

"ಬೆಟ್ಟದ ಕಡೆಗೆ ಹೋಗೋದಂತೆ. ಯಾವ ಬೆಟ್ಟವೋ, ನಂಗೇನು ಗೊತ್ತು ಸಾರ್."

ಜನರಲ್ ಕುರ್ಚಿಯಿಂದ ಎದ್ದರು. "ತಳ್ಳಯ್ಯಾ ಇದನ್ನ! ಬೇಗ ತಳ್ಳು!" ಬೆಣೆಯಪ್ಪ ಬೋಲ್ಟು ಬಿಗಿಯುವುದಕ್ಕೂ ಬಿಡದೆ, "ನಮ್ಮಲ್ಲಿ ಸಮುದ್ರ ಇಲ್ಲ ನಿಜ, ಹಾಗಂತ ನಾವು ಸಪ್ಪೆ ಊಟ ಮಾಡ್ತೀವಾ?" ಎಂದು ಶುರುಮಾಡಿದರು. ಹಡಗು ಕೊಡಲಾರೆವು, ಹಡಗು ಕಾಯುವವರಿಗೆ ಕಂಬಳಿಯನ್ನೂ ಡಾಕ್ಟರುಗಳನ್ನೂ ಕೊಡುತ್ತೇವೆ, ಹಲಗೆ ಮಾತ್ರ ಬಿಚ್ಚಬೇಡಿ ಎಂದರು. ಹಾಗಿದ್ದರೆ ನೆರೆ ಬಂದಾಗ ನಮ್ಮ ದೋಣಿ ಇವೆ ಎಂದು ದ್ವೀಪದವರು ಒಪ್ಪಿಕೊಂಡರು. ಖುಷಿಗೆ ಜನರಲ್ ಮುಷ್ಟಿ ಎತ್ತಿದರು. ಮೇಜಿನ ಹತ್ತಿರ ಬಂದ ಮುಷ್ಟಿ, ಮೊಳೆಯಿಲ್ಲವೆಂದು ನೆನಪಾಗಿ, ಅವರದೇ ತೊಡೆಗೆ ಬಿತ್ತು. ಆ ದಿನ ಮತ್ತೆ ಯಾರೂ ಯಾರ ಹಲಗೆಯನ್ನೂ ಬಿಚ್ಚು ಎನ್ನಲಿಲ್ಲ. ಮೇಜು ಇದ್ದಲ್ಲೇ ಇರಲಿ ಎಂದು ಮೇಡಂ ಬರೆದುಕೊಂಡರು.

ಸಂಜೆ ಗಂಡಹೆಂಡಿರು ಮನೆಗೆ ನಡೆದುಕೊಂಡೇ ಹೊರಟರು. ಮೇಜು ಉಳಿದರೂ ಬೆಣೆಯಪ್ಪನ ಮುಖ ಕಳೆಗುಂದಿತ್ತು. ತಿರುವಿನಲ್ಲಿ ಹೆಂಡತಿ ಕೇಳಿದಳು.

"ಮುಚ್ಚಳ ತೆಗೆದ್ರಲ್ಲ, ಒಳಗೇನಿತ್ತು?"

"ಧೂಳು."

"ಬಗ್ಗಿದ ಮೊಳೆ ಎಷ್ಟಿದ್ವು?"

ಬೆಣೆಯಪ್ಪ ರಸ್ತೆಯ ನಡುವೆಯೇ ನಿಂತುಬಿಟ್ಟ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದು ಹೋದದ್ದೂ ಅವನಿಗೆ ತಿಳಿಯಲಿಲ್ಲ.

"ನಮ್ಮಪ್ಪಂಗೆ ಮೊಳೆ ಹೊಡೆಯೋಕೆ ಬರ್ತಿರ್ಲಿಲ್ಲ ಕಣ್ರೀ," ಎಂದಳು ಅವಳು, ಅವನ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತ. "ಮೊದಲು ಮೊಳೆ ಇಲ್ದೇನೇ ಮಾಡಿದ್ರು. ಆ ತೆಂಗಿನ ಹಲಗೆ ನಿಲ್ಲಲೇ ಇಲ್ಲ. ಮಾರನೇ ದಿನ ಏಳು ದೇಶದೋರು ಬಂದು ಕೂರಬೇಕು. ಪಕ್ಕದ ಮನೆ ಗಾಡಿ ಚಕ್ರದ ಪಟ್ಟಿ ಬಿಚ್ಕೊಂಡು ಬಂದ್ರು. ನಾನು ಆಗ ಚಿಕ್ಕೋಳು, ಮೇಜಿನಡಿ ಅವರ ಪಕ್ಕದಲ್ಲೇ ಮಲಗಿ ಒಂದೊಂದು ಮೊಳೆ ಎತ್ತಿಕೊಡ್ತಿದ್ದೆ. ಒಂದೊಂದು ಬಗ್ಗಿದಾಗ್ಲೂ ಒಂದೊಂದು ದೇಶಕ್ಕೆ ಬೈತಿದ್ರು."

"ಮತ್ತೆ ಊರಿಗೆಲ್ಲಾ ಮೊಳೆ ಇಲ್ಲ ಅಂತ ಡಂಗುರ ಹೊಡೆದ್ಯಲ್ಲೇ!"

"ಅಪ್ಪ ಹೇಳಿಕೊಟ್ಟಿದ್ದು. ಗಟ್ಟಿ ಇದೆ ಅಂತ ಗೊತ್ತಾದ್ರೆ ದಿನಾ ಗುದ್ದಿ ಪುಡಿ ಮಾಡ್ತಾರೆ ಮಗಳೇ, ಬಿದ್ದುಹೋಗತ್ತೆ ಅಂದ್ಕೊಂಡ್ರೆ ಕೈ ನೋಡ್ಕೊಂಡು ಕೂರ್ತಾರೆ ಅಂದ್ರು."

ಎಷ್ಟೊಂದು ವರ್ಷಗಳ ಮುಷ್ಟಿಗಳು ಬೆಣೆಯಪ್ಪನ ಕಣ್ಣ ಮುಂದೆ ತೊಡೆಗಳ ಮೇಲೆ ಬಿದ್ದವು. ಮೊದಲು ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

"ನಂಗಾದ್ರೂ ಹೇಳಬಾರದಿತ್ತಾ? ನಾನು ನಿಮ್ಮನೆ ಅಳಿಯ."

"ಹೇಳಿದ್ರೆ ಇಷ್ಟು ಜತನವಾಗಿ ನೋಡ್ಕೊತಿದ್ರಾ?" ಎಂದಳು ಅವಳು. ಅವಳು ಅವನ ತೋಳನ್ನು ಬಿಡದೆ ಮನೆಯವರೆಗೂ ನಡೆದಳು. ಅವನಿಗೆ ಅದು ಹಿತವಾಗಿತ್ತು.

ಮನೆಯಲ್ಲಿ ಅಂಗಿ ಬಿಚ್ಚುವಾಗ ಜೇಬಿನಿಂದ ಬೆಣೆಗಳು ಉದುರಿದವು. ಒಂದು ಉರುಳಿ ಮಂಚದ ಕೆಳಗೆ ಹೋಯಿತು. ಬಗ್ಗಿ ಕೈಹಾಕಿದರೆ ಹಸಿರು ಸೂಟ್‌ಕೇಸು ಸಿಕ್ಕಿತು. ಬೀಗ ತುಕ್ಕು ಹಿಡಿದಿತ್ತು. ಬೆಣೆಯಪ್ಪ ಅದರ ಹಿಡಿಯ ಮೇಲೆ ಕೈಯಿಟ್ಟು ಹಾಗೆಯೇ ಕೂತ. ಸ್ವಲ್ಪ ಎತ್ತಿದರೆ ಸಾಕು, ಒಳಗೆ ಬಟ್ಟೆ ಇದೆಯೋ ಬರೀ ಗಾಳಿ ಇದೆಯೋ ತೂಕದಲ್ಲೇ ಗೊತ್ತಾಗಿಬಿಡುತ್ತಿತ್ತು.

"ರೀ, ಅಲ್ಲೇನು ಹುಡುಕ್ತಿದೀರಾ?" ಅಡುಗೆಮನೆಯಿಂದ ಅವಳ ದನಿ ಬಂತು.

"ಏನಿಲ್ಲ ಕಣೇ, ಧೂಳು," ಎಂದ ಬೆಣೆಯಪ್ಪ. ಹೆಗಲ ಮೇಲಿನ ಟವೆಲಿನಿಂದ ಸೂಟ್‌ಕೇಸನ್ನು ಚೊಕ್ಕಟವಾಗಿ ಒರೆಸಿ, ಎತ್ತದೆ, ಇದ್ದ ಜಾಗಕ್ಕೇ ಮೆಲ್ಲಗೆ ತಳ್ಳಿದ.